ರುಮಾಲಿನ ಇನ್ನೊಂದು ತುದಿ

ಒಗೆದು ಒಣಗಿಸಿದ ಚಾದರ ಮಡಚಬೇಕಾದಾಗಲೆಲ್ಲ ನನ್ನ ಹೆಂಡತಿ ಶಾಂತಾ ನನ್ನನ್ನು ಕೂಗುತ್ತಾಳೆ. ಎರಡು ಮೂಲೆ ಅವಳ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. ಅವಳು ಜಗ್ಗಿದಾಗ ನಾನೂ ಜಗ್ಗಬೇಕು, ಅವಳು ಮುಂದೆ ಬಂದಾಗ ನಾನೂ ಮುಂದೆ ಹೋಗಿ ನನ್ನ ಮೂಲೆಗಳನ್ನು ಅವಳ ಕೈಗೆ ಒಪ್ಪಿಸಬೇಕು. ಇಷ್ಟೇ ಕೆಲಸ. ಆದರೂ ಇದನ್ನು ನಾನು ಒಂದು ದಿನವೂ ನಗುನಗುತ್ತ ಮಾಡಿದವನಲ್ಲ.

“ತುದಿ ಹಿಡೀರಿ ಅಂದ್ರ ಯಾಕ್ರಿ ಮುಖ ಹಂಗ ಹುಳ್ಳಗ ಮಾಡ್ತೀರಿ? ಭಾರ ಏನರ ಐತೇನು ಅದು?” ಎನ್ನುತ್ತಾಳೆ.

ಚಾದರಕ್ಕೆ ಭಾರವಿಲ್ಲ, ನಿಜ. ಆದರೆ ಬಟ್ಟೆಯ ತುದಿ ಹಿಡಿದು ನಿಂತ ಕೂಡಲೇ ನನಗೆ ಒಬ್ಬ ರಾಜ್ಯಪಾಲರು ನೆನಪಾಗುತ್ತಾರೆ, ಅವರ ಬೆನ್ನಿಗೇ ರಾಜೇಸಾಬ ನೆನಪಾಗುತ್ತಾನೆ, ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತದೆ. ಅರವತ್ತಾರು ದಾಟಿದ ಮನುಷ್ಯ ಇದನ್ನೆಲ್ಲ ಹೇಳಿಕೊಳ್ಳಬಾರದು. ಆದರೆ ನಿಮ್ಮೆದುರು ಮುಚ್ಚಿಟ್ಟು ಏನು ಮಾಡಲಿ? ನನಗೆ ಹೊಟ್ಟೆಕಿಚ್ಚು. ಹದಿನಾರು ವರ್ಷದಿಂದ ಇದೆ. ಡಾಕ್ಟರು ಅದನ್ನು ಪಿತ್ತ ಎಂದು ತಿಳಿದು ಮಾತ್ರೆ ಕೊಟ್ಟಿದ್ದಾರೆ, ನಾನೂ ನುಂಗುತ್ತಿದ್ದೇನೆ.

ರಾಜೇಸಾಬ ಯಾರೆಂದು ಹೇಳಿಬಿಡುತ್ತೇನೆ. ವಾಸ್ಕೋದಲ್ಲಿ ಮೋಟರ್‌ಸೈಕಲ್ ಸೀಟು ಹರಿದವರಿಗೆಲ್ಲ ಅವನ ಅಂಗಡಿ ಗೊತ್ತು. ಹಳೆಯ ರೆಗ್ಜಿನ್ ಕಿತ್ತು, ಒಳಗಿನ ಫೋಮು ಬದಲಿಸಿ, ಹೊಸ ಕವರು ಹೊಲಿದು ಕೊಡುತ್ತಾನೆ. ಅವನೂ ನಾನೂ ಸಿಂದಗಿ ಕಡೆಯ ಒಂದೇ ಊರಿನವರು, ಒಂದೇ ಓಣಿಯವರು, ಒಂದೇ ವರ್ಷ ಗೋವಾಕ್ಕೆ ಬಂದವರು. ಅವನು ಸೂಜಿ ಹಿಡಿದ, ನಾನು ಕೊರ್ಲಿಮ್‌ನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಪೆನ್ನು ಹಿಡಿದೆ. ಇಷ್ಟರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಇರಲಿಲ್ಲ. ಇದ್ದಿದ್ದರೆ ಅದು ಅವನಿಗೆ ಇರಬೇಕಿತ್ತು.

ಆದರೆ ಅವನ ಅಂಗಡಿಯ ಗೋಡೆಯ ಮೇಲೆ ಎರಡು ಫೋಟೋಗಳಿವೆ. ಮೊದಲನೆಯದರಲ್ಲಿ ಆಗಿನ ರಾಜ್ಯಪಾಲರು ಕುರ್ಚಿಯಲ್ಲಿ ಕೂತಿದ್ದಾರೆ. ಹಿಂದೆ ನಿಂತ ರಾಜೇಸಾಬ ಅವರ ತಲೆಗೆ ಗುಲಾಬಿ ಬಣ್ಣದ ರುಮಾಲು ಸುತ್ತುತ್ತಿದ್ದಾನೆ. ರುಮಾಲಿನ ಬಟ್ಟೆ ತಲೆಯಿಂದ ಹೊರಟು ನೆಟ್ಟಗೆ ಹೋಗಿ ಫೋಟೋದ ಅಂಚಿನಲ್ಲಿ ಕತ್ತರಿಸಿಹೋಗಿದೆ. ಆ ಅಂಚಿನಿಂದ ಆಚೆಗೆ, ಎರಡು ಮಾರು ದೂರದಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತ ಒಬ್ಬ ಮನುಷ್ಯನಿದ್ದಾನೆ. ಅವನು ನಾನು. ಅಂಗಡಿಗೆ ಬಂದ ಯಾರೂ ಇಷ್ಟು ವರ್ಷದಲ್ಲಿ ‘ಈ ಬಟ್ಟೆ ಎಲ್ಲಿಗೆ ಹೋಗುತ್ತದೆ’ ಎಂದು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ನಾನು ಬೇಕೆಂದೇ ಸೀಟು ಹೊಲಿಸುವ ನೆಪ ಮಾಡಿಕೊಂಡು ಅಲ್ಲಿ ಕೂತಿದ್ದೇನೆ, ಆದರೂ ಕೇಳಿಲ್ಲ.

ಎರಡನೆಯ ಫೋಟೋದ ವಿಷಯ ಆಮೇಲೆ ಹೇಳುತ್ತೇನೆ. ಅದರ ಹಿಂದೆ ನನ್ನ ಪಾಪವಿದೆ.

ರುಮಾಲು ಸುತ್ತುವುದು ನಮ್ಮ ಕಡೆ ಸಣ್ಣ ಕೆಲಸವಲ್ಲ. ಮದುವೆಯಲ್ಲಿ ಬೀಗರಿಗೆ, ಊರಿಗೆ ಬಂದ ದೊಡ್ಡವರಿಗೆ, ರುಮಾಲು ಸುತ್ತಿದರೇ ಮರ್ಯಾದೆ ಪೂರ್ತಿಯಾಗುವುದು. ನಮ್ಮೂರಲ್ಲಿ ಆ ಕೆಲಸಕ್ಕೆ ಹೆಸರಾದವನು ನನ್ನ ಅಪ್ಪ. ಅವನು ಸುತ್ತಿದ ರುಮಾಲು ಬೀಗರು ಎತ್ತಿನ ಗಾಡಿಯಲ್ಲಿ ಕುಲುಕಾಡುತ್ತ ಊರು ಮುಟ್ಟುವವರೆಗೂ ಅಲುಗಾಡುತ್ತಿರಲಿಲ್ಲ. ಅಪ್ಪ ನನಗೂ ರಾಜೇಸಾಬನಿಗೂ ಕಲಿಸಿದ್ದು ಅಂಗಳದಲ್ಲಿ, ಬೋರಲು ಹಾಕಿದ ಹಿತ್ತಾಳೆ ಕೊಡದ ಮೇಲೆ. ಅಮ್ಮ ನೀರಿಗೆ ಕೊಡ ಹುಡುಕುತ್ತ ಬಂದರೆ ಅದರ ತಲೆಗೆ ಕೆಂಪು ರುಮಾಲು ಇರುತ್ತಿತ್ತು.

ಈ ಕೆಲಸಕ್ಕೆ ಇಬ್ಬರು ಬೇಕು. ಹದಿನೈದು ಮೊಳದ ಬಟ್ಟೆ. ಒಬ್ಬ ತಲೆಯ ಹತ್ತಿರ ನಿಂತು ಸುತ್ತುತ್ತಾನೆ. ಇನ್ನೊಬ್ಬ ದೂರದಲ್ಲಿ ತುದಿ ಹಿಡಿದು, ಬಟ್ಟೆಯನ್ನು ಹುರಿ ಮಾಡಿ, ಜಗ್ಗಿ ನಿಂತಿರುತ್ತಾನೆ. ಒಂದೊಂದು ಸುತ್ತಿಗೂ ಬಟ್ಟೆ ಗಿಡ್ಡವಾಗುತ್ತ ಬರುತ್ತದೆ, ಅವನು ಒಂದೊಂದೇ ಹೆಜ್ಜೆ ಮುಂದೆ ಬರುತ್ತಾನೆ. ಕೊನೆಗೆ ತಲೆಯ ಹತ್ತಿರ ಬಂದು ತುದಿಯನ್ನು ಒಳಗೆ ಸಿಕ್ಕಿಸುವವನು ಅವನೇ. ಅದು ತುದಿ ಹಿಡಿದವನ ಹಕ್ಕು. ಅಪ್ಪ ಅದನ್ನು ಯಾರಿಗೂ ಬಿಟ್ಟುಕೊಡಲು ಬಿಡುತ್ತಿರಲಿಲ್ಲ.

ಒಂದು ದಿನ ಇಬ್ಬರ ಕೈಯನ್ನೂ ನೋಡಿ ಅಪ್ಪ ತೀರ್ಪು ಕೊಟ್ಟ. “ರಾಜ್ಯಾನ ಕೈಯಾಗ ಕಸಬ ಐತಿ. ನಮ್ಮ ಮಲ್ಯಾ ತುದಿ ಚಲೋ ಹಿಡೀತಾನ.”

ಮಲ್ಯಾ ಎಂದರೆ ನಾನು, ಮಲ್ಲಪ್ಪ. ಹೊಗಳಿದ ಹಾಗೂ ಆಯಿತು, ನನ್ನ ಜನ್ಮ ಎಲ್ಲಿ ನಿಲ್ಲಬೇಕೆಂದು ಗೆರೆ ಎಳೆದ ಹಾಗೂ ಆಯಿತು. ಅಪ್ಪ ನನಗೆ ಹೊಲ ಕೊಟ್ಟ, ಶಾಲೆ ಕೊಟ್ಟ, ಕನ್ನಡಕದ ಕಣ್ಣು ಕೊಟ್ಟ, ಕಸಬನ್ನು ಮಾತ್ರ ಪಕ್ಕದ ಮನೆಯವನಿಗೆ ಕೊಟ್ಟ. ಅವತ್ತು ರಾತ್ರಿ ನಾನು ರೊಟ್ಟಿ ತಿನ್ನಲಿಲ್ಲ ಎಂದು ಅಮ್ಮ ಬಹಳ ದಿನ ಹೇಳುತ್ತಿದ್ದಳು. ನನಗೆ ನೆನಪಿಲ್ಲ, ಆದರೆ ತಿಂದಿರಲಾರೆ.

ಇರಲಿ, ರಾಜ್ಯಪಾಲರ ವಿಷಯಕ್ಕೆ ಬರೋಣ. ರಾಜ್ಯಪಾಲರೆಂದರೆ ನಮ್ಮಂಥವರಿಗೆ ಕಾರಿನ ಮುಂದಿನ ಬಾವುಟ, ಅಷ್ಟೇ. ಅದು ಬಂದರೆ ಪೊಲೀಸರು ಬಸ್ಸು ನಿಲ್ಲಿಸುತ್ತಾರೆ, ಹೋದರೆ ಬಿಡುತ್ತಾರೆ. ಈ ಸಾಹೇಬರು ಬೇರೆ ತರಹದವರಾಗಿದ್ದರು. ಎಲ್ಲೋ ಉತ್ತರದ ಗುಡ್ಡಗಾಡಿನವರು. ಮೊದಲು ಶಾಲೆಯಲ್ಲಿ ಲೆಕ್ಕ ಕಲಿಸುವ ಮಾಸ್ತರು. ಆಮೇಲೆ ಚುನಾವಣೆ, ಮಂತ್ರಿಗಿರಿ, ಒಂದು ದೊಡ್ಡ ಸೋಲು, ಆಮೇಲೆ ಗೋವಾದ ರಾಜಭವನ. ಬಾಲ್ಯದಲ್ಲಿ ಎರಡು ಗುಡ್ಡ ಹತ್ತಿಳಿದು ಶಾಲೆಗೆ ಹೋದವರಂತೆ. ಅದನ್ನು ಕೇಳಿದಾಗಲೂ ನನಗೆ ಒಳಗೊಳಗೇ ಚುರುಕೆಂದಿತ್ತು. ನಾನೂ ನಡೆದೇ ಹೋದವನು, ಆದರೆ ನಮ್ಮೂರಲ್ಲಿ ಗುಡ್ಡ ಇರಲಿಲ್ಲ.

ಬಂದ ಹೊಸತರಲ್ಲಿ ಅವರು ಕುಂಡಯಿಯ ಒಂದು ಕಾರ್ಖಾನೆಗೆ ಹೋದರು. ಮಾಲೀಕರು ಹೊಸ ಮಷೀನು ತೋರಿಸಲು ಓಡಾಡುತ್ತಿದ್ದರೆ ಇವರು, “ಕೆಲಸಗಾರರು ಡಬ್ಬಿ ಬಿಚ್ಚಿ ಊಟ ಮಾಡುವ ಜಾಗ ಎಲ್ಲಿ? ಅದನ್ನು ಮೊದಲು ತೋರಿಸಿ,” ಎಂದರಂತೆ. ಜಾಗ ಇರಲಿಲ್ಲ. ಮುಂದಿನ ತಿಂಗಳು ಒಂದು ಶೆಡ್ಡು ಎದ್ದಿತು. ಒಂದು ಭಾನುವಾರ ದುಡಿಯುವವರ ಮಕ್ಕಳಿಗೆಂದು ರಾಜಭವನದ ಹುಲ್ಲುಹಾಸನ್ನು ತೆರೆಸಿದರು. ನಮ್ಮ ಓಣಿಯ ಮಕ್ಕಳು ಸಮುದ್ರವನ್ನು ಅಷ್ಟು ಎತ್ತರದಿಂದ ನೋಡಿದ್ದು ಅದೇ ಮೊದಲು. ಸಾಹೇಬರಿಗೊಂದು ಚಟವಿತ್ತು. ಎದುರಿಗೆ ಬಂದವರ ಹೆಸರು, ಊರು ಕೇಳುವುದು, ಉಚ್ಚಾರ ಸರಿಬರುವ ತನಕ ಮೂರು ಮೂರು ಸಲ ಹೇಳುವುದು. ನಮ್ಮ ತಾಲೂಕಿನ ಹೆಸರನ್ನು ಅವರು ಬಿಡದೆ ಹೇಳಿ ಕಲಿತರು ಎಂದು ರಾಜೇಸಾಬ ಈಗಲೂ ಹೇಳುತ್ತಾನೆ. ರಾಜೇಸಾಬನಿಗೆ ಗೊತ್ತಿರದೆ ಏನು? ಅವರ ಕಿವಿಯ ಪಕ್ಕ ನಿಂತವನು ಅವನೇ ತಾನೆ.

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಅವರು ಬರಲು ಒಪ್ಪಿದಾಗ ವಾಸ್ಕೋದ ಕನ್ನಡಿಗರೆಲ್ಲರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರುಮಾಲು ಸುತ್ತಲು ರಾಜೇಸಾಬ, ತುದಿ ಹಿಡಿಯಲು ನಾನು ಎಂದು ತಕ್ಷಣ ತೀರ್ಮಾನವಾಯಿತು. ನಾನು ಗೊಣಗಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಒಂದು ಯೋಜನೆ ಇತ್ತು.

ಕೊರ್ಲಿಮ್‌ನಲ್ಲಿ ನಾವು ಬಸ್ಸಿಗೆ ಕಾಯುವ ಕಡೆ ಒಂದು ಚಪ್ಪರವೂ ಇರಲಿಲ್ಲ. ಗೋವಾದ ಮಳೆ ನಿಮಗೆ ಗೊತ್ತೇ ಇದೆ. ಪಾಳಿ ಮುಗಿಸಿ ಬಂದ ಹೆಂಗಸರು ಒದ್ದೆ ಸೀರೆಯಲ್ಲಿ ಮುದ್ದೆಯಾಗಿ ನಿಲ್ಲುತ್ತಿದ್ದರು. ಒಂದು ತಂಗುದಾಣ ಬೇಕೆಂದು ನಾನೊಂದು ಅರ್ಜಿ ಬರೆದೆ. ಹಿಂದಿಯಲ್ಲಿ, ನಾಲ್ಕು ಪುಟ. ವಾರಗಟ್ಟಲೆ ತಿದ್ದಿದೆ. ‘ಸವಿನಯ ನಿವೇದನ’ದಿಂದ ಶುರುವಾಗಿ ಅದರಲ್ಲಿ ವರ್ಷಾಋತುವಿನ ವರ್ಣನೆಯೂ ಇತ್ತು. ಅದನ್ನು ಮಡಚಿ ಬಿಳಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಸುತ್ತು ಮುಗಿಯುವ ಹೊತ್ತಿಗೆ ನಾನು ಹೆಜ್ಜೆ ಹೆಜ್ಜೆ ಮುಂದೆ ಬಂದಿರುತ್ತೇನೆ, ತುದಿ ಸಿಕ್ಕಿಸುತ್ತೇನೆ, ಹಾಗೇ ಅರ್ಜಿಯನ್ನೂ ಕೈಗೆ ಕೊಡುತ್ತೇನೆ. ಆ ಕ್ಷಣಕ್ಕೆ ಫೋಟೋದವನು ಒತ್ತದೆ ಇರುತ್ತಾನೆಯೇ? ತಂಗುದಾಣಕ್ಕಾಗಿ ಬರೆದದ್ದೋ ಫೋಟೋಕ್ಕಾಗಿ ಬರೆದದ್ದೋ ಎಂದು ಕೇಳಬೇಡಿ. ಎರಡಕ್ಕೂ ಬರೆದೆ.

ವೇದಿಕೆಯ ಮೇಲೆ ಸುತ್ತು ಶುರುವಾಯಿತು. ಅಪ್ಪ ಕಲಿಸಿದ ಹಾಗೆಯೇ ನಾನು ಜಗ್ಗಿ ನಿಂತೆ. ಅಂಗಡಿಯ ಮೊದಲ ಫೋಟೋ ತೆಗೆದದ್ದು ಆಗ. ಅದರಲ್ಲಿ ಬಟ್ಟೆ ಎಷ್ಟು ನೆಟ್ಟಗಿದೆ ನೋಡಿ, ಆ ಗಳಿಗೆಯಲ್ಲಿ ನಾನಿನ್ನೂ ಒಳ್ಳೆಯ ಮನುಷ್ಯನಾಗಿದ್ದೆ. ಎರಡು ಸುತ್ತಾಯಿತು. ನಾನು ಮುಂದೆ ಹೆಜ್ಜೆ ಇಟ್ಟೆ. ಬಿಳಿ ಸಮವಸ್ತ್ರದ ಒಬ್ಬ ಅಧಿಕಾರಿ ನನ್ನೆದುರು ಅಂಗೈ ಎತ್ತಿ, “ವಹೀಂ ರುಕಿಯೇ,” ಎಂದರು. ಅಲ್ಲಿಯೇ ನಿಲ್ಲಿ! ಗೋವಾಕ್ಕೆ ಬಂದಾಗಿನಿಂದ ಬಸ್ಸಿನ ಕಂಡಕ್ಟರು ‘ಫುಡೆಂ, ಫುಡೆಂ’ ಎಂದು ನನ್ನನ್ನು ಮುಂದೆ ಮುಂದೆ ತಳ್ಳುತ್ತಲೇ ಬಂದಿದ್ದಾನೆ. ಮುಂದೆ ಹೋಗಬೇಕಾದ ಆ ಒಂದೇ ದಿನ ನನ್ನನ್ನು ನಿಲ್ಲಿಸಿದರು.

ಅದೂ ದೊಡ್ಡ ಕೆಡುಕಲ್ಲ. ತುದಿ ಹಿಡಿದವನು ಮುಂದೆ ಬರಲಾಗದಿದ್ದರೆ ಬಟ್ಟೆಯನ್ನು ಮುಷ್ಟಿಯೊಳಗಿಂದ ನಿಧಾನವಾಗಿ ಜಾರಬಿಡಬಹುದು, ಬಿಗಿ ಮಾತ್ರ ಬಿಡಬಾರದು. ಅದನ್ನೂ ಅಪ್ಪ ಕಲಿಸಿದ್ದ. ನಾನು ಹಾಗೆಯೇ ಮಾಡುತ್ತಿದ್ದೆ. ಅಷ್ಟರಲ್ಲಿ ಸಾಹೇಬರು ತಲೆಯನ್ನು ಸ್ವಲ್ಪ ಓರೆ ಮಾಡಿ ರಾಜೇಸಾಬನನ್ನು ಏನೋ ಕೇಳಿದರು. ರಾಜೇಸಾಬ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ತಲೆಯಾಡಿಸಿದರು. ಮತ್ತೆ ಕೇಳಿದರು, ಇವನು ಮತ್ತೆ ಹೇಳಿದ. ಇಬ್ಬರೂ ನಕ್ಕರು. ನನ್ನ ನಾಲ್ಕು ಪುಟ ನನ್ನ ಜೇಬಿನಲ್ಲಿ ಬೆವರಿನಿಂದ ಒದ್ದೆಯಾಗುತ್ತಿತ್ತು.

‘ಕೈ ಸಡಿಲವಾಯಿತು’ ಎಂದು ಬರೆದರೆ ನೀವು ನಂಬುತ್ತೀರಿ, ಆದರೆ ಅದು ಸುಳ್ಳು. ನಾನು ಸಡಿಲ ಬಿಟ್ಟೆ. ಮೂರು ಸುತ್ತು ಉಳಿದಿತ್ತು, ನಾನು ಮುಷ್ಟಿ ಬಿಚ್ಚಿದೆ. ಬಟ್ಟೆ ನೆಲಕ್ಕೆ ಬಿದ್ದು ಎಳೆದುಕೊಂಡು ಹೋಯಿತು. ರಾಜೇಸಾಬ ಹೇಗೋ ಸುತ್ತು ಮುಗಿಸಿ, ತುದಿಯನ್ನು ತಾನೇ ಸಿಕ್ಕಿಸಿ, ಕೈಮುಗಿದು ಸರಿದುಕೊಂಡ.

ಸಾಹೇಬರು ಭಾಷಣಕ್ಕೆ ಎದ್ದರು. ಎರಡು ಮಾತಾಡುವುದರೊಳಗೆ ರುಮಾಲು ಎಡಕ್ಕೆ ವಾಲಿತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಇವರು ತೆಗೆಯಲಿಲ್ಲ. ಎಡಗೈಯನ್ನು ಮೆಲ್ಲಗೆ ರುಮಾಲಿನ ಮೇಲಿಟ್ಟರು, ಇಟ್ಟುಕೊಂಡೇ ಇಪ್ಪತ್ತು ನಿಮಿಷ ಮಾತಾಡಿದರು. ಊರು ಬಿಟ್ಟು ಬಂದವರ ಕೈಯಿಂದ ಈ ಊರು ಎದ್ದಿದೆ ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ಮರುದಿನ ಪೇಪರಿನಲ್ಲಿ ಬಂದ ಫೋಟೋ ಅದೇ, ರಾಜೇಸಾಬನ ಗೋಡೆಯ ಎರಡನೆಯದು. ‘ಕನ್ನಡಿಗರ ರುಮಾಲಿನ ಮೇಲೆ ಕೈಯಿಟ್ಟು ಗೌರವ ಸೂಚಿಸಿದ ರಾಜ್ಯಪಾಲರು’ ಎಂದು ಅಡಿಯಲ್ಲಿ ಬರೆದಿತ್ತು.

ಮಾತು ಮುಗಿಸಿ ಕೆಳಗಿಳಿಯುವಾಗ, ಎಡಗೈ ತಲೆಯ ಮೇಲೇ ಇತ್ತು, ಅವರು ಮೆಟ್ಟಿಲ ಬಳಿ ನನ್ನೆದುರು ಒಂದು ಗಳಿಗೆ ನಿಂತರು. ನನ್ನ ಮುಖ ನೋಡಿ, “ಆಪ್ ಬಹುತ್ ದೂರ್ ಖಡೇ ಥೇ,” ಎಂದರು. ನೀವು ತುಂಬ ದೂರ ನಿಂತಿದ್ದಿರಿ, ಅಂತ. ಬೈದರೋ ಮರುಗಿದರೋ ನನಗೆ ತಿಳಿಯಲಿಲ್ಲ. ಜೇಬಿನಲ್ಲಿ ಅರ್ಜಿ ಇತ್ತು. ಕೈ ನೀಡಿದರೆ ಸಾಕಿತ್ತು. ನಾನು ನೀಡಲಿಲ್ಲ, ಅವರು ಹೊರಟುಹೋದರು.

ಮುಂದಿನ ಮಳೆಗಾಲಕ್ಕೆ ಮುಂಚೆ ಕೊರ್ಲಿಮ್‌ನಲ್ಲಿ ತಂಗುದಾಣ ಎದ್ದಿತು. ತಗಡಿನ ಮಾಡು, ಸಿಮೆಂಟಿನ ಕಟ್ಟೆ. ರಾಜಭವನದಿಂದ ಯಾವುದೋ ಇಲಾಖೆಗೆ ಒಂದು ಚೀಟಿ ಹೋಗಿತ್ತಂತೆ. ಏನು ಹೇಳಿದೆಯೋ ಅವತ್ತು ಎಂದು ರಾಜೇಸಾಬನನ್ನು ಕೇಳಿದೆ. “ಏನಿಲ್ಲಲೇ. ಏನರ ತ್ರಾಸ ಐತೇನು ಅಂತ ಕೇಳಿದ್ರು. ಕೊರ್ಲಿಮ್, ಔರತೇಂ, ಬಾರಿಶ್ ಅಂದೆ. ನನಗ ಅಷ್ಟ ಹಿಂದಿ ಬರೂದು,” ಎಂದ. ಊರು, ಹೆಂಗಸರು, ಮಳೆ. ನನ್ನ ನಾಲ್ಕು ಪುಟ ಮಾಡಬೇಕಾದ ಕೆಲಸವನ್ನು ಅವನ ಮೂರು ಮಾತು ಮಾಡಿತ್ತು. ಅಲ್ಲಿ ಯಾರ ಹೆಸರಿನ ಕಲ್ಲೂ ಇಲ್ಲ. ರುಮಾಲು ಸುತ್ತುವಾಗ ಕೇಳಿ ಪಡೆದದ್ದೆಂದು ಜನ ತಾವಾಗಿಯೇ ‘ರುಮಾಲ್ ಸ್ಟಾಪ್’ ಎಂದು ಕರೆಯತೊಡಗಿದರು, ಕಂಡಕ್ಟರೂ ಹಾಗೇ ಕೂಗತೊಡಗಿದ. ನಿವೃತ್ತನಾಗುವ ತನಕ ದಿನಾ ಬೆಳಿಗ್ಗೆ ‘ರುಮಾಲ್! ರುಮಾಲ್!’ ಎಂಬ ಕೂಗಿಗೆ ಹಲ್ಲು ಕಡಿಯುತ್ತ ಇಳಿದವನು ನಾನು.

ಇನ್ನೊಂದು ಹೇಳಿದರೆ ನಗುತ್ತೀರಿ. ಆ ಪೇಪರಿನ ಫೋಟೋ ಬಂದ ಮೇಲೆ ನಮ್ಮ ಸಂಘದಲ್ಲಿ ಹೊಸ ಪದ್ಧತಿಯೊಂದು ಹುಟ್ಟಿತು. ರುಮಾಲು ಸುತ್ತಿಸಿಕೊಂಡ ಅತಿಥಿ ಮಾತು ಶುರು ಮಾಡುವ ಮುಂಚೆ ಎಡಗೈಯನ್ನು ರುಮಾಲಿನ ಮೇಲೆ ಇಡಬೇಕು. ಶಾಸಕರು ಇಟ್ಟರು, ಬ್ಯಾಂಕಿನ ಮ್ಯಾನೇಜರು ಇಟ್ಟರು, ಹೋದ ವರ್ಷ ಬಂದ ಒಬ್ಬ ಕ್ರಿಕೆಟ್ ಆಟಗಾರನೂ ಇಟ್ಟ. ‘ಸಾಹೇಬರು ಹಾಕಿಕೊಟ್ಟ ಪದ್ಧತಿ’ ಎನ್ನುತ್ತಾರೆ. ಒಬ್ಬ ದೊಡ್ಡ ಮನುಷ್ಯ ನಮ್ಮಲ್ಲಿ ಬಿಟ್ಟುಹೋದದ್ದು ಒಂದು ತಗಡಿನ ಮಾಡು, ಒಂದು ಪದ್ಧತಿ. ಮಾಡಿಗೆ ರಾಜೇಸಾಬ ಕಾರಣ, ಪದ್ಧತಿಗೆ ನನ್ನ ಹೊಟ್ಟೆಕಿಚ್ಚು ಕಾರಣ. ಆದರೆ ಅದನ್ನು ಯಾರ ಮುಂದೆ ಹೇಳಲಿ?

ಹೋದ ತಿಂಗಳು ಸಾಹೇಬರು ತೀರಿಕೊಂಡ ಸುದ್ದಿ ಬಂತು. ತಮ್ಮ ಗುಡ್ಡದ ಊರಿನಲ್ಲಿ, ತುಂಬು ವಯಸ್ಸಿನಲ್ಲಿ. ಸಂಘದ ಕಾರ್ಯದರ್ಶಿ ಸುನಂದಾ ಟೀಚರು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. “ಸಾಹೇಬರ ಜೀವನದ ಬಗ್ಗೆ ನೀವ ಬರೀರಿ ಮಲ್ಲಪ್ಪ ಸರ್. ನಿಮ್ಮಷ್ಟು ಚಲೋ ಬರಿಯೋರು ನಮ್ಮಲ್ಲಿ ಯಾರದಾರ್ರಿ?” ಎಂದರು. ನಾನು ಉಬ್ಬಿದೆ. ಗುಡ್ಡ, ಶಾಲೆ, ಸೋಲು, ಕುಂಡಯಿಯ ಶೆಡ್ಡು, ರಾಜಭವನದ ಹುಲ್ಲು ಎಲ್ಲ ಸೇರಿಸಿ ಐದು ಪುಟ ಬರೆದೆ. ನಾಲ್ಕನೆಯ ಪುಟದಲ್ಲಿ ಒಂದು ಸಾಲು ತೂರಿಸಿದೆ: ‘ಅಂದು ಆ ರುಮಾಲಿನ ಇನ್ನೊಂದು ತುದಿಯನ್ನು ಹಿಡಿದಿದ್ದವರು ಈ ಸಾಲುಗಳ ಲೇಖಕರು.’ ಹದಿನಾರು ವರ್ಷದ ಮೇಲೆ ಫೋಟೋದ ಅಂಚಿನಿಂದ ಒಳಗೆ ಕಾಲಿಡಲು ಇದೊಂದೇ ದಾರಿ ಉಳಿದಿತ್ತು.

ಸಭೆಯಲ್ಲಿ ಸಾಹೇಬರ ಭಾವಚಿತ್ರದ ಮುಂದೆ ಒಂದು ರುಮಾಲು ಸುತ್ತಿ ಇಡಬೇಕು ಎಂದು ಟೀಚರು ಹೇಳಿದ್ದರು. ಹಿಂದಿನ ದಿನ, ಶನಿವಾರ ಮಧ್ಯಾಹ್ನ, ರಾಜೇಸಾಬ ಒಂದು ಹಿತ್ತಾಳೆ ಕೊಡ, ಹೊಸ ಗುಲಾಬಿ ಬಟ್ಟೆ ಹಿಡಿದು ಸಂಘದ ಹಾಲಿಗೆ ಬಂದ. ನಾವಿಬ್ಬರೇ ಇದ್ದೆವು. ನಾನು ರೂಢಿಯಂತೆ ತುದಿಗೆ ಕೈ ಹಾಕಿದೆ.

“ನೀ ಸುತ್ತು,” ಎಂದ ರಾಜೇಸಾಬ.

“ಯಾಕೋ?”

“ಬಲಗೈ ಮ್ಯಾಲ ಏಳವಲ್ದು. ಭುಜ ಹಿಡಕೊಂಡೈತಿ. ಎರಡ ತಿಂಗಳಾತು ಸೀಟ ಸೈತ ಮಗನ ಹೊಲ್ಯಾಕತ್ತಾನ. ನೀ ಸುತ್ತು, ನಾ ತುದಿ ಹಿಡೀತೀನಿ.”

ಬೋರಲು ಕೊಡದ ಮುಂದೆ ನಾನು ನಿಂತೆ. ಬಾಲ್ಯದ ಮೇಲೆ ನಾನು ಸುತ್ತಿದ್ದೇ ಇಲ್ಲ. ಆಚೆ ರಾಜೇಸಾಬ ತುದಿಯನ್ನು ಎಡಗೈಯ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು, ಹಿಂದಕ್ಕೆ ವಾಲಿ, ಮೈಯ ಭಾರವನ್ನೆಲ್ಲ ಅದಕ್ಕೆ ಕೊಟ್ಟು ನಿಂತ. ಮೊದಲ ಸುತ್ತು ಹಾಕಿದೆ. ಬಟ್ಟೆ ತಾನಾಗಿಯೇ ಹೋಗಿ ಕೂರಬೇಕಾದಲ್ಲಿ ಕೂತಿತು. ಎರಡನೆಯದೂ ಹಾಗೆಯೇ. ನನ್ನ ಕೈ ಏನೂ ಮಾಡುತ್ತಿರಲಿಲ್ಲ, ಎಲ್ಲ ಅವನ ಬಿಗಿಯೇ ಮಾಡುತ್ತಿತ್ತು. ಇಷ್ಟು ದಿನ ಅವನ ಕೈಯ ಕಸಬು ಎಂದು ಜನ ಹೊಗಳಿದ್ದರಲ್ಲಿ ಅರ್ಧ ನನ್ನದಿತ್ತು ಎಂದು ಆಗ ತಿಳಿಯಿತು. ಅದರ ಜೊತೆಗೇ, ಅವತ್ತು ನಾನು ಬಿಟ್ಟದ್ದು ಎಷ್ಟು ದೊಡ್ಡದು ಎಂದೂ ತಿಳಿಯಿತು. ಬಾಯಿ ತಡೆಯಲಿಲ್ಲ.

“ರಾಜಾ, ಅವತ್ತು ನಾ ತುದಿ ಬಿಟ್ಟಿದ್ದೆ.”

“ಹೂಂ. ಬಿಟ್ಟಿದ್ದಿ.”

“ನಿನಗ ಗೊತ್ತಿತ್ತೇನು?”

“ಅರಿವಿ ನನ್ನ ಕೈಯಾಗ ಇತ್ತಲ್ಲೋ. ಗೊತ್ತಾಗಲಾರದ ಏನು? ಬೇಕಂತ ಬಿಟ್ಟಿ ಅನ್ನೂದೂ ಗೊತ್ತಾತು.”

“ಮತ್ತ ಯಾಕ ಯಾರ ಮುಂದೂ ಹೇಳ್ಲಿಲ್ಲ?”

ರಾಜೇಸಾಬ ಬಿಗಿ ಬಿಡದೆ ಒಂದು ಹೆಜ್ಜೆ ಮುಂದೆ ಬಂದ. “ಹ್ಯಾಂಗ ಹೇಳ್ಲಿ? ನನ್ನ ಕಡೆನೂ ತಪ್ಪಿತ್ತು. ಸಾಹೇಬರು ಮೊದಲ ಕೇಳಿದ್ದು ತ್ರಾಸ ಅಲ್ಲ. ಆ ತುದಿ ಹಿಡದಾಂವ ಯಾರು, ಹೆಸರೇನು ಅಂತ ಕೇಳಿದ್ರು. ನಮ್ಮ ಊರಾಂವ್ರಿ ಅಂದು ಸುಮ್ಮನಾದೆ. ಹೆಸರು ಹೇಳ್ಲಿಲ್ಲ.”

ನನ್ನ ಕೈ ಕೊಡದ ಮೇಲೆ ನಿಂತಿತು.

“ಆ ಅಧಿಕಾರಿ ನಿನ್ನ ತಡದಾಗೂ, ಬಿಡ್ರಿ, ಸಿಕ್ಕಸೂದು ಅಂವಂದ ಹಕ್ಕು ಅಂತ ನಾ ಹೇಳಬೇಕಿತ್ತು. ಹೇಳ್ಲಿಲ್ಲ. ನಿಮ್ಮಪ್ಪ ನಿನ್ನ ಸಾಲಿಗೆ ಕಳಿಸಿದ, ನನಗ ರುಮಾಲ ಕಲಿಸಿದ. ನೀ ಕೊರ್ಲಿಮ್‌ದಾಗ ಕುರ್ಚಿ ಮ್ಯಾಲ ಕುಂತಿ, ನಾ ಇಡೀ ಜನ್ಮ ನೆಲದ ಮ್ಯಾಲ ಕುಂತು ಮಂದಿ ಕುಂದರೂ ಸೀಟ ಹೊಲದೆ. ಒಂದ ಸಲ ನಾನೂ ಒಬ್ಬನ ನಿಂದರಬೇಕು ಅನಿಸ್ತು. ನನಗೂ ನಿನ್ನ ಮ್ಯಾಲ ಹೊಟ್ಟಿಕಿಚ್ಚ ಇತ್ತಲೇ.”

ನೀವು ನನ್ನನ್ನು ಎಂಥವನೆಂದು ತಿಳಿದುಕೊಂಡರೂ ಸರಿ, ಆ ಮಾತು ಕೇಳಿ ನನಗೆ ಬಹಳ ಸಂತೋಷವಾಯಿತು. ಅಪ್ಪನ ತೀರ್ಪಿನಿಂದ ಈವರೆಗೆ ಯಾರಾದರೂ ನನ್ನನ್ನು ಕಂಡು ಕರುಬಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂತು. “ಹುಚ್ಚ ಸೂಳೆಮಗನ, ಮೊದಲ ಹೇಳಬಾರದೇನೋ?” ಎಂದೆ. “ನೀನರ ಎಲ್ಲಿ ಹೇಳಿದ್ದಿ?” ಎಂದ ಅವನು. ಹೆಜ್ಜೆ ಹೆಜ್ಜೆ ಮುಂದೆ ಬಂದು, ಕೊಡದ ಬಳಿ ನಿಂತು, ಎಡಗೈಯಿಂದ ತುದಿಯನ್ನು ತಾನೇ ಸಿಕ್ಕಿಸಿದ. ಕೊಡ ಎತ್ತಿ ಅಲುಗಾಡಿಸಿ ನೋಡಿದೆವು. ರುಮಾಲು ಒಂದು ಎಳೆಯೂ ಸರಿಯಲಿಲ್ಲ.

ಭಾನುವಾರ ಬೆಳಿಗ್ಗೆ ಸಂಘದ ಹಾಲ್ ಜನರಿಂದ ತುಂಬಿತ್ತು. ನಾನು ಐದು ಪುಟ ಓದಿದೆ. ನಾಲ್ಕನೆಯ ಪುಟದ ಆ ಸಾಲು ಬಂದಾಗ ಎದುರು ಸಾಲಿನಲ್ಲಿ ಕೂತ ರಾಜೇಸಾಬನ ಮುಖ ಕಂಡಿತು. ಭುಜ ನೋಯುತ್ತಿತ್ತೋ ಏನೋ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ನಾನು ಆ ಸಾಲನ್ನು ದಾಟಿ ಮುಂದೆ ಓದಿದೆ. ಸುಮ್ಮನೆ ದಾಟಿದೆ ಎನ್ನುವುದಿಲ್ಲ, ಬೆರಳು ಆ ಸಾಲಿನ ಮೇಲೆ ಒಂದು ಗಳಿಗೆ ನಿಂತೇ ಇತ್ತು. ಆದರೆ ನನ್ನ ಮನಸ್ಸಿಗೇ ನಾನು ಬಹಳ ದೊಡ್ಡವನಾಗಿ ಕಂಡೆ. ಇಂಥ ತ್ಯಾಗವನ್ನು ಯಾರೂ ನೋಡಲಿಲ್ಲವಲ್ಲ ಎಂಬುದೊಂದೇ ಕೊರಗು.

ಶಾಂತಾ ಹೆಂಗಸರ ಸಾಲಿನಿಂದ ನನ್ನತ್ತ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹೋಗಿ ರಾಜೇಸಾಬನ ಪಕ್ಕದಲ್ಲಿ ಕೂತೆ. ಸುನಂದಾ ಟೀಚರು ಮೈಕಿನ ಮುಂದೆ ಬಂದು ಭಾವಚಿತ್ರದ ಮುಂದಿನ ರುಮಾಲನ್ನು ತೋರಿಸಿ, “ನೋಡ್ರಿ, ಈ ವಯಸ್ಸಿನ್ಯಾಗೂ ನಮ್ಮ ರಾಜೇಸಾಬ್ರು ಎಷ್ಟು ಚಂದ ಸುತ್ತ್ಯಾರ. ಸಾಹೇಬರಿಗೆ ಸುತ್ತಿದ್ದು ಇದ ಕೈ,” ಎಂದರು. ನನ್ನ ಪಿತ್ತ ಮತ್ತೆ ಎದ್ದಿತು. ಒಂದು ದಿನವಾದರೂ ಬಿಡಬಾರದೇ ಎಂದುಕೊಂಡೆ.

ರಾಜೇಸಾಬ ಎದ್ದು ನಿಂತ. “ತಪ್ಪಾತ್ರಿ ಟೀಚರ್,” ಎಂದ. “ಈ ರುಮಾಲ ಸುತ್ತಿದಾಂವ ಮಲ್ಲಪ್ಪ. ನಾ ತುದಿ ಹಿಡದಿದ್ದೆ, ಅಷ್ಟ. ಅವತ್ತು ಸಾಹೇಬರಿಗೆ ಸುತ್ತುವಾಗ ತುದಿ ಹಿಡದಾಂವ ಇಂವಾ. ಸಾಹೇಬರು ಇಂವನ ಹೆಸರು ಕೇಳಿದ್ರು, ನಾ ಹೇಳಿದ್ದಿಲ್ಲ. ಈಗ ಹೇಳಾಕತ್ತೇನಿ. ಮಲ್ಲಪ್ಪ. ಮಲ್ಲಪ್ಪ. ಮಲ್ಲಪ್ಪ.” ಭಾವಚಿತ್ರದ ಕಡೆ ತಿರುಗಿ ಮೂರು ಸಲ ಹೇಳಿ ಕೂತುಬಿಟ್ಟ.

ಶ್ರದ್ಧಾಂಜಲಿ ಸಭೆ ಎಂಬುದನ್ನೂ ಮರೆತು ಇಡೀ ಹಾಲು ಚಪ್ಪಾಳೆ ತಟ್ಟಿತು. ಹೆಂಗಸರು ಎದ್ದು ನಿಂತರು. ಎಂಥ ಮನುಷ್ಯ, ಎಂಥ ದೊಡ್ಡ ಮನಸ್ಸು ಎಂದು ಅಕ್ಕಪಕ್ಕದವರು ಮಾತಾಡಿಕೊಂಡರು. ಎಲ್ಲರ ಮುಖ ಅವನ ಕಡೆಗೇ ಇತ್ತು. ಫೋಟೋದವನು ಓಡಿ ಬಂದು ಅವನ ಮುಂದೆ ಮಂಡಿಯೂರಿ ಒತ್ತಿದ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನ್ನ ಅರ್ಧ ಭುಜವಾದರೂ ಅದರಲ್ಲಿ ಬಂದಿರಬೇಕು, ನಾನಿನ್ನೂ ನೋಡಿಲ್ಲ.

ನಾನೂ ಚಪ್ಪಾಳೆ ತಟ್ಟಿದೆ, ಕೈ ನೋಯುವ ಹಾಗೆ ತಟ್ಟಿದೆ. ಬಟ್ಟೆಯ ತುದಿ ಹಿಡಿದವನಿಗೂ ಜನ ಎದ್ದು ನಿಲ್ಲುತ್ತಾರೆ ಎಂದು ನನಗೆ ಈ ಹದಿನಾರು ವರ್ಷ ಹೊಳೆದೇ ಇರಲಿಲ್ಲ. ನೋಡಿ, ಅದನ್ನೂ ಅವನೇ ಮೊದಲು ಮಾಡಿ ತೋರಿಸಿದ.